ಯಂತ್ರಕ್ಕೆ ಮೊದಲ ಚಹಾ

ಡಿಸೆಂಬರ್ 22. ಬೆಳಿಗ್ಗೆ 7.10

ಹೊರಗೆ ಮೈನಸ್ 27. ದೊಡ್ಡ ಮಕ್ಕಳ ಕೋಣೆ 21, ಚಿಕ್ಕವರದು 22, ನಮ್ಮದು 21. ಗಾಳಿಯ ಹೊಗೆಧೂಳಿನ ಅಂಕಿ ಒಳಗೆ 14, ಓಣಿಯ ಒಲೆಗಳ ಹೊಗೆಗೆ ಗೇಟಿನ ಬಳಿ 380. ಗೋಡೆಯ ಹಾಳೆಯಲ್ಲಿ ಬರೆದಾಯಿತು. ಅದು ಪಗ್ಮಾಗೆ, ಈ ಶಿಶುವಿಹಾರದ ಮುಖ್ಯಸ್ಥೆಗೆ. ಈ ಪುಸ್ತಕ ನನಗೆ. ಹಳೆಯ ಕಲ್ಲಿದ್ದಲು ರಿಜಿಸ್ಟರ್, ಅರ್ಧ ಖಾಲಿ. ಈ ವರ್ಷ ಕಲ್ಲಿದ್ದಲೇ ಇಲ್ಲ, ಇನ್ನೇನು ಬರೆಯುವುದು ಇದರಲ್ಲಿ?

ಇವತ್ತಿನಿಂದ ಒಂಬತ್ತುಗಳ ಎಣಿಕೆ. ಒಂಬತ್ತು ದಿನಕ್ಕೊಂದು ಗಂಟು. ಅಂಥ ಒಂಬತ್ತು ಗಂಟು ಬಿಚ್ಚಿದರೆ ಚಳಿಗಾಲ ಮುಗಿಯಿತು. ಮೂರನೆಯದು, ನಾಲ್ಕನೆಯದು ಕೆಟ್ಟವು. ಪಗ್ಮಾ ಆಗಲೇ ಹೇಳಿಟ್ಟಿದ್ದಾಳೆ — "ನಾಲ್ಕನೇ ಒಂಬತ್ತು ದಾಟ್ಲಿ ಗೊಂಬಣ್ಣ. ದಾಟಿದ್ರೆ ಬಾಯ್ಲರ್ ಗುಜರಿಗೆ. ಇಲ್ಲಾಂದ್ರೆ ಮತ್ತೆ ನೀನು, ನಿನ್ನ ಸಲಿಕೆ."

ಹತ್ತೊಂಬತ್ತು ವರ್ಷ ಆ ಬಾಯ್ಲರಿಗೆ ಉಣಿಸಿದವನು ನಾನು. ಈಗ ಹಿತ್ತಲಿನಲ್ಲಿ ಎರಡು ಫ್ಯಾನಿನ ದೊಡ್ಡ ಪೆಟ್ಟಿಗೆ. ಹೀಟ್ ಪಂಪ್. ಚಳಿಗಾಳಿಯಿಂದಲೇ ಬಿಸಿ ಹಿಂಡಿ ಒಳಗೆ ಕಳಿಸುತ್ತದಂತೆ. ಮಾಡಿನಡಿ ಕೊಳವೆ, ಕೋಣೆಗೊಂದು ಜಾಲರಿ, ನಡುವೆ ಫಿಲ್ಟರ್. ಮೈನಸ್ ಮೂವತ್ತರಲ್ಲಿ ಬಿಸಿ ಹಿಂಡುವುದೆಂದರೆ ಹೋರಿಯ ಹಾಲು ಕರೆದ ಹಾಗೆ. ಯಂತ್ರ ಕೂರಿಸಿದ ಹುಡುಗಿ ಖುಲಾನ್‌ಗೆ ಹಾಗೆಂದೆ. ನಕ್ಕಳು. "ಕರೆದು ತೋರಿಸ್ತೀನಿ ಅಜ್ಜ, ಚೊಂಬು ಹಿಡ್ಕೊಂಡು ಕೂತಿರಿ."

ಈಗ ನಾನು ಅದರ ಕಾವಲುಗಾರ. ಸಂಬಳ ಅದೇ, ಕೋಣೆ ಅದೇ. ಶಿಶುವಿಹಾರದ ಗೋಡೆಗೆ ಅಂಟಿದ ಒಂದು ಕೋಣೆಯಲ್ಲಿ ನಾನು, ಇಲ್ಲಿ ಅಡುಗೆ ಮಾಡುವ ಮಗಳು ಆಲ್ತಂಜುಲ್, ಅವಳ ಮಗಳು ಉಯಂಗಾ. ನಮಗೂ ಒಂದು ಜಾಲರಿ ಕೊಟ್ಟಿದ್ದಾರೆ. ಅಳಿಯ ಲಾರಿ ಮೇಲೆ, ತಿಂಗಳಿಗೊಮ್ಮೆ ಮುಖ.

ಉಯಂಗಾಗೆ ನಾಲ್ಕು. ಕಳೆದ ಚಳಿಗಾಲ ಮೂರು ಸಲ ಆಸ್ಪತ್ರೆ, ಮೂರೂ ಸಲ ಎದೆ. ಚಳಿಗಾಲದ ಕೊನೆಗೆ ಬರುವ ಬಿಳಿ ತಿಂಗಳ ಹಬ್ಬಕ್ಕೆ ಗೋಬಿ ಮರುಭೂಮಿಯಿಂದ ಬಂದ ಬೀಗಿತ್ತಿ ದರಿಮಾ, ಹಿರಿಯರು ಮೂಸುವಂತೆ ಮೊಮ್ಮಗಳ ನೆತ್ತಿ ಮೂಸಿ, ಮುಖ ಹಿಂದಕ್ಕೆಳೆದುಕೊಂಡಳು. "ಇದು ಮಗುನೋ ಹೊಗೆಕೊಳವೆನೋ? ನೋಡಿ ಬೀಗರೇ, ಮುಂದಿನ ಬಿಳಿ ತಿಂಗಳಿಗೆ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಕರ್ಕೊಂಡು ಹೋಗೋಳೇ. ಒಂಟೆ ಹಾಲು ಕುಡ್ಕೊಂಡು ನನ್ನ ಹತ್ರ ಬೆಳೀಲಿ."

ಆ ಹೊಗೆ ನನ್ನ ಸಲಿಕೆಯದು. ನನಗೆ ವಾಸನೆ ಕೂಡ ಬಂದಿರಲಿಲ್ಲ. ಈ ಮೂಗು ಸತ್ತು ಎಷ್ಟು ವರ್ಷವಾಯಿತೋ.

ಚಹಾ ಕುದಿಯಿತು. ಹಾಲು ಮುಂದಾಗಿ, ಉಪ್ಪು ಹದವಾಗಿ, ಮೇಲೊಂದು ಚೂರು ಬೆಣ್ಣೆ. ಮೊದಲ ಸೌಟು ಯಾವತ್ತೂ ಬಾಯ್ಲರಿನ ಬೆಂಕಿಗೆ. ಹೆಂಡತಿ ದುಲ್ಮಾ ಇದ್ದಾಗ ಅವಳು ಹಾಕುತ್ತಿದ್ದಳು, ಅವಳು ಹೋದಮೇಲೆ ಅವಳದೇ ಒಂಬತ್ತು ಕುಳಿಯ ಮರದ ಸೌಟಿನಲ್ಲಿ ನಾನು. ಎರಡು ತಿಂಗಳಿಂದ ಸುಮ್ಮನೆ ಆಕಾಶಕ್ಕೆ ಎರಚಿ ಬರುತ್ತಿದ್ದೆ. ಮನಸ್ಸು ಒಪ್ಪುತ್ತಿರಲಿಲ್ಲ. ಬಿಸಿ ಕೊಡುವವರಿಗೆ ಮೊದಲ ಪಾಲು. ಇದೂ ಬಿಸಿ ಕೊಡುತ್ತದೆ ತಾನೆ? ಹಿತ್ತಲಿಗೆ ಹೋಗಿ ಯಂತ್ರದ ಬೆನ್ನಿಗೆ ಎರಚಿದೆ. ಗಾಳಿ ಒಳಕ್ಕೆ ಎಳೆದುಕೊಳ್ಳುವ ಕಡೆ. ಸೊರ್ ಎಂದು ಎಳೆದುಕೊಂಡಿತು. ಕುಡಿದ ಹಾಗೇ ಕಾಣಿಸಿತು.

ಡಿಸೆಂಬರ್ 26

ರಾತ್ರಿ ಉಯಂಗಾ ಎರಡು ಸಲ ಸೀನಿದಳು. ಭಯ. ಬೆಳಿಗ್ಗೆ ಕೋಣೆಗೆ ಜುನಿಪರ್ ಧೂಪ ಹಾಕಿದೆ, ಗಾಳಿ ಶುದ್ಧವಾಗಲಿ ಎಂದು. ಗೋಡೆಯ ಮೇಲಿನ ಧೂಳು ಅಳೆಯುವ ಪೆಟ್ಟಿಗೆ ಕೆಂಪಾಯಿತು — 412! ಬಂತು ಬಂತು ಹೊಗೆ ಬಂತು ಎಂದು ಕೊಳವೆಗಳನ್ನೆಲ್ಲ ತಟ್ಟಿ ನೋಡಿದೆ. ಮಗಳು ಬಂದು ನನ್ನ ಕೈಯಲ್ಲಿದ್ದ ಧೂಪದ ಬಟ್ಟಲು ನೋಡಿದಳು, ಪೆಟ್ಟಿಗೆ ನೋಡಿದಳು.

"ಅಪ್ಪ, ಗೇಟಿನ ಹತ್ರಕ್ಕಿಂತ ನಮ್ಮನೇಲಿ ಜಾಸ್ತಿ ಹೊಗೆ ಮಾಡಿದ್ದೀಯ. ಶಭಾಷ್."

ಪೆಟ್ಟಿಗೆಗೆ ದೇವರ ಹೊಗೆಯೂ ಒಂದೇ, ದೆವ್ವದ ಹೊಗೆಯೂ ಒಂದೇ. ಇಪ್ಪತ್ತು ನಿಮಿಷದಲ್ಲಿ ಯಂತ್ರ ಎಲ್ಲ ಎಳೆದು ಸೋಸಿ 16ಕ್ಕೆ ಇಳಿಸಿತು. ಅದು ಮಾತ್ರ ನೋಡುವ ಹಾಗಿತ್ತು.

ಜನವರಿ 1

ಮೈನಸ್ 30. ಒಳಗೆ 21. ಉಯಂಗಾ ಊಟದ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಆರು ಸಲ ಓಡಿದಳು. ಕೆಮ್ಮಿಲ್ಲ. ಕಳೆದ ವರ್ಷ ಈ ಹೊತ್ತಿಗೆ ಎರಡನೇ ಆಸ್ಪತ್ರೆ.

ಬೀಗಿತ್ತಿ ಫೋನು. "ಹೇಗಿದ್ದಾಳೆ?" ಚೆನ್ನಾಗಿದ್ದಾಳೆ ಎಂದೆ. "ಫೋನಲ್ಲಿ ಎಲ್ಲರೂ ಚೆನ್ನಾಗೇ ಇರ್ತಾರೆ. ಬಂದು ಮೂಸ್ತೀನಿ." ಅಂದರೆ ಅಂದಳೇ.

ಜನವರಿ 6

ಬೇಲಿಯಾಚೆಯ ಓಣಿಯ ಅಜ್ಜಿಯರಿಗೆ ಕಣ್ಣು ಹದ್ದಿನದು. ನಾನು ಯಂತ್ರಕ್ಕೆ ಚಹಾ ಕೊಡುವುದನ್ನು ಒಬ್ಬಳು ನೋಡಿದ್ದಾಳೆ. ಇವತ್ತು ಬೆಳಿಗ್ಗೆ ಹಾಲಿನ ಬಟ್ಟಲು ಹಿಡಿದು ನಾಲ್ಕು ಜನ ಹಿತ್ತಲಲ್ಲಿ ಸಾಲು. ಮೊಮ್ಮಕ್ಕಳನ್ನು ಬಿಡಲು ಬಂದವರು.

"ನಮ್ಮ ಹುಡುಗನ ಕೆಮ್ಮು ನಿಂತಿದೆ ಗೊಂಬಣ್ಣ. ಇದಕ್ಕೊಂದು ಗುಟುಕು ಕೊಡದಿದ್ರೆ ಹೇಗೆ?"

"ಬೆನ್ನಿಗೆ ಹಾಕಿ, ಬೆನ್ನಿಗೆ," ಎಂದೆ ದೊಡ್ಡ ಪೂಜಾರಿಯ ಹಾಗೆ. "ಅಲ್ಲಿಂದ್ಲೇ ಕುಡಿಯೋದು."

ಯಾವ ತಿಳಿಗೇಡಿಗೂ ಇಷ್ಟು ಹೆಮ್ಮೆ ಬಂದಿರಲಿಕ್ಕಿಲ್ಲ.

(ಆ ಕೊನೆಯ ಸಾಲು ಜನವರಿ 24ಕ್ಕೆ ಸೇರಿಸಿದ್ದು.)

ಜನವರಿ 12

ಯಂತ್ರ ಮೂರು ದಿನದಿಂದ ಸರಿಯಿಲ್ಲ. ಗುರ್ ಎನ್ನುತ್ತದೆ, ನಿಲ್ಲುತ್ತದೆ, ಬೆನ್ನಿನ ಮಂಜು ಕರಗಿಸಿಕೊಳ್ಳುತ್ತದೆ, ಮತ್ತೆ ಗುರ್. ಮೊದಲು ಗಂಟೆಗೊಂದು ಸಲ ಹೀಗೆ ಮಾಡುತ್ತಿತ್ತು, ಈಗ ಹತ್ತು ನಿಮಿಷಕ್ಕೊಂದು ಸಲ. ದೊಡ್ಡ ಕೋಣೆ 18. ಪಾಪ, ಮೂರನೇ ಒಂಬತ್ತಿಗೆ ದಣಿದಿದೆ ಎಂದುಕೊಂಡು ಎರಡು ಸೌಟು ಕೊಟ್ಟೆ.

ಜನವರಿ 15. ಮಧ್ಯಾಹ್ನ

ಮೈನಸ್ 36. ನಸುಕಿನ ನಾಲ್ಕಕ್ಕೆ ಯಂತ್ರ ನಿಂತೇ ಹೋಯಿತು. ಪರದೆಯ ಮೇಲೆ ಕೆಂಪು ಅಕ್ಷರ. ಒಳಗಿನ ವಿದ್ಯುತ್ ಸುರುಳಿ ಒಂಟಿಯಾಗಿ ಎಳೆಯಲಾರದೆ ಕೋಣೆಗಳು 13ಕ್ಕೆ ಇಳಿದವು. ಮಕ್ಕಳು ಕೋಟು ಹಾಕಿಕೊಂಡು ಗಂಜಿ ತಿಂದವು. ಖುಲಾನ್ ದೂರದ ಜಿಲ್ಲೆಯಲ್ಲಿದ್ದಾಳೆ, ದಾರಿ ಮುಚ್ಚಿದೆ.

ಪಗ್ಮಾ ನನ್ನನ್ನು ನೋಡಿದಳು. ನಾನು ಸಲಿಕೆ ನೋಡಿದೆ. "ಹಚ್ಚು ಗೊಂಬಣ್ಣ. ಬೇರೆ ದಾರಿ ಇಲ್ಲ."

ಕಳೆದ ವರ್ಷ ಮಿಕ್ಕಿದ್ದ ಕಲ್ಲಿದ್ದಲು ಹಾಕಿ ಹಚ್ಚಿದೆ. ಸುಳ್ಳು ಯಾಕೆ ಬರೆಯಲಿ, ಯಾರೂ ಓದದ ಪುಸ್ತಕದಲ್ಲಿ — ಕೈಗೆ ಖುಷಿಯಾಯಿತು. ಬೆಂಕಿ ಹಿಡಿದ ಸದ್ದು, ಮುಖಕ್ಕೆ ಹೊಡೆದ ಕಾವು. ನನ್ನ ಬೆಂಕಿ. ಹತ್ತು ಗಂಟೆಗೆ ಎಲ್ಲ ಕೋಣೆ 20. ಟೀಚರುಗಳು ಚಪ್ಪಾಳೆ ತಟ್ಟಿದರು. ಗೊಂಬೊ ಮತ್ತೆ ಬೇಕಾದವನಾದ.

ಯಂತ್ರ ನಿಂತರೆ ಸೋಸುವುದೂ ನಿಂತಂತೆ; ಧೂಳಿನ ಅಂಕಿ ಮಧ್ಯಾಹ್ನಕ್ಕೆ 140. ಬರೆದೆ. ಮತ್ತೆ ಸಲಿಕೆ ಎತ್ತಿದೆ.

ಜನವರಿ 17

ಸೀಟಿ ಶುರುವಾಗಿದೆ. ಅವಳ ಎದೆಯಲ್ಲಿ. ನಾನು ಕೋಣೆಯ ಈ ತುದಿಯಲ್ಲಿ, ಅವಳು ಆ ತುದಿಯಲ್ಲಿ, ಕೇಳಿಸುತ್ತದೆ.

ಅಂಕಿ 205. ಸಲಿಕೆ ಎತ್ತಿದಾಗಲೆಲ್ಲ ಅವಳ ಎದೆಗೇ ಸುರಿಯುತ್ತಿದ್ದೇನೆ ಅನ್ನಿಸುತ್ತದೆ. ಸುರಿಯದಿದ್ದರೆ ಅರವತ್ತೆರಡು ಮಕ್ಕಳು ಚಳಿಗೆ ಸೆಟೆಯುತ್ತಾರೆ. ಎಂಥ ಕೆಲಸ ಇದು... ಹತ್ತೊಂಬತ್ತು ವರ್ಷ ಇದನ್ನೇ ಮಾಡಿದೆ.

ಮಗಳು ಚೀಲ ಕಟ್ಟುತ್ತಿದ್ದಾಳೆ. ಆಸ್ಪತ್ರೆಗೆ.

ಜನವರಿ 23. ಸಂಜೆ

ನಿನ್ನೆ ಮನೆಗೆ ಕಳಿಸಿದರು. ಐದು ರಾತ್ರಿ ಅಲ್ಲಿ. ಬೇಗ ಹೋದದ್ದಕ್ಕೆ ಬಚಾವು ಎಂದರು ಡಾಕ್ಟರು. ನ್ಯುಮೋನಿಯಾಕ್ಕೆ ತಿರುಗಿಲ್ಲ. "ಹೊಗೆ ಇಲ್ಲದ ಕಡೆ ಇಡಿ" ಎಂದರು, ಅಂಥ ಕಡೆ ಅವರ ಜೇಬಿನಲ್ಲಿದೆ ಎಂಬಂತೆ.

ಬೀಗಿತ್ತಿಗೆ ಸುದ್ದಿ ಮುಟ್ಟಿದೆ. ಫೋನಿನಲ್ಲಿ ಬೈಯಲಿಲ್ಲ. "ಚಿಕ್ಕ ಡೇಲ್ ನಿಲುವಂಗಿ ಹೊಲೀತಿದ್ದೀನಿ, ಒಂಟೆ ಉಣ್ಣೆ ತುಂಬಿ. ದಾರೀಲಿ ಚಳಿ ಆಗ್ಬಾರ್ದು" ಎಂದಳಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಮಗಳು ಈರುಳ್ಳಿ ಹೆಚ್ಚುತ್ತ ಅಳುತ್ತಿದ್ದಳು. ಈರುಳ್ಳಿ ಮುಗಿದಮೇಲೂ.

ಇವತ್ತು ಖುಲಾನ್ ಬಂದಳು. ಯಂತ್ರದ ಬೆನ್ನಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಳು. ತೆಳು ತಗಡಿನ ರೆಕ್ಕೆಗಳ ಸಂದುಗಳಲ್ಲೆಲ್ಲ ಹಳದಿ ಬಿಳಿ ಪದರ, ಮಂಜಿನ ಜೊತೆ ಕಲ್ಲಾಗಿ. ಉಗುರಿನಿಂದ ಕೆರೆದಳು. ಮೂಸಿದಳು. ನಾಲಿಗೆಗೆ ತಾಗಿಸಿದಳು.

"ಉಪ್ಪು! ಬೆಣ್ಣೆ! ಯಾರು ಇದಕ್ಕೆ ಚಹಾ ಕುಡ್ಸಿದ್ದು?"

ಪಗ್ಮಾ ಓಣಿಯ ಕಡೆ ತಿರುಗಿದಳು. "ಆ ಅಜ್ಜಿಯರದೇ ಕೆಲಸ. ದಿನಾ ಬಟ್ಟಲು ಹಿಡ್ಕೊಂಡು ಬರ್ತಿದ್ರು."

ನಾನು ಅಲ್ಲೇ ನಿಂತಿದ್ದೆ. ಕೆಲಸ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಉಯಂಗಾಳ ಜಾಲರಿ ಹೋಗುತ್ತದೆ. ಹಾಗೆ ಲೆಕ್ಕ ಹಾಕಿ ಬಾಯಿ ಮುಚ್ಚಿದೆ.

ಮೈನಸ್ 33ರಲ್ಲಿ ತೊಳೆಯುವುದು ಹೇಗೆ? ಹಾಕಿದ ನೀರು ಹಾಕಿದಲ್ಲೇ ಗಡ್ಡೆ. ನಾನೇ ಹೇಳಿದೆ, ಇದಕ್ಕೊಂದು ಗುಡಾರ ಕಟ್ಟೋಣ. ಓಣಿಯವರು ಹಳೆಯ ಕಂಬಳಿ ಹೊದಿಕೆಗಳನ್ನು ಹೊತ್ತು ತಂದರು. ಬೈಸಿಕೊಂಡ ಅಜ್ಜಿಯರೇ ಮುಂದೆ. ಅರ್ಧ ಗಂಟೆಯಲ್ಲಿ ಯಂತ್ರದ ಸುತ್ತ ಪುಟ್ಟ ಗುಡಾರ, ಒಳಗೆ ಬಿಸಿಗಾಳಿ ಊದುವ ಫ್ಯಾನು. ಖುಲಾನ್ ಬಿಸಿನೀರಿನಲ್ಲಿ ರೆಕ್ಕೆ ರೆಕ್ಕೆ ತೊಳೆದಳು, ಮಗುವಿನ ಕಿವಿ ತೊಳೆದ ಹಾಗೆ. ಒಣಗಿಸಲು ಮೂರು ಗಂಟೆ. ನಾನು ಟಾರ್ಚ್ ಹಿಡಿದೆ. ನೀರಿನ ಜೊತೆ ನನ್ನ ಚಹಾ ಹರಿದುಹೋಗುವುದನ್ನು ಪೂರ್ತಿ ನೋಡಿದೆ.

ನಾಲ್ಕೂವರೆಗೆ ಶುರು. ಐದೂಮುಕ್ಕಾಲಿಗೆ 19. ಬಾಯ್ಲರ್ ಆರಿಸಿದೆ.

ಜನವರಿ 24

ನಿದ್ದೆ ಬರಲಿಲ್ಲ. ಬೆಳಿಗ್ಗೆ ಪಗ್ಮಾಳ ಕೋಣೆಗೆ ಹೋಗಿ, ಟೋಪಿ ತೆಗೆದು, ನಿಂತೇ ಹೇಳಿದೆ.

"ಅಜ್ಜಿಯರಲ್ಲ. ಮೊದಲು ಹಾಕಿದ್ದು ನಾನು. ಒಂಬತ್ತುಗಳ ಎಣಿಕೆ ಶುರುವಾದ ದಿನದಿಂದ, ದಿನಾ. ಅವರಿಗೆ ಬೆನ್ನು ತೋರಿಸಿದ್ದೂ ನಾನೇ. ನನ್ನ ಮೊಮ್ಮಗಳನ್ನ ಆಸ್ಪತ್ರೆಗೆ ಕಳ್ಸಿದ್ದೂ ನಾನೇ."

ಪಗ್ಮಾ ಪೆನ್ನು ಕೆಳಗಿಟ್ಟಳು. ಕಿಟಕಿ ನೋಡಿದಳು. ಆ ಕಿಟಕಿಯಿಂದ ಹಿತ್ತಲು ಪೂರ್ತಿ ಕಾಣುತ್ತದೆ ಎಂದು ನನಗೆ ಆಗ ಹೊಳೆಯಿತು.

"ಕೂತ್ಕೊ," ಎಂದಳು. "ನೀನು ಹಾಕೋದನ್ನ ದಿನಾ ನೋಡ್ತಿದ್ದೆ. ಒಳ್ಳೇದಾಗ್ಲಿ ಅಂತ ಇಲ್ಲಿಂದ್ಲೇ ಕೈ ಮುಗೀತಿದ್ದೆ. ಹೊಸ ವರ್ಷದ ದಿನ..." ತಡೆದಳು. ಕಿವಿ ಕೆಂಪಾಯಿತು. "ಹೊಸ ವರ್ಷದ ದಿನ ನಾನೂ ಒಂದು ಬಟ್ಟಲು ಹಾಕ್ದೆ. ಪೂರ್ತಿ ಕೆನೆ."

ಆಮೇಲೆ ಅವಳಿಗೆ ನಗು ಬಂತು, ನನಗೆ ಅಳು ಬಂತು, ಅದು ಅದಲುಬದಲಾಯಿತು.

ಖುಲಾನ್‌ಗೂ ಹೇಳಿದೆ. "ಅಜ್ಜ, ಇದನ್ನ ಬಿ.ಪಿ. ಪೇಷೆಂಟ್ ಅಂದ್ಕೊಳ್ಳಿ. ಉಪ್ಪಿಲ್ಲ, ಬೆಣ್ಣೆ ಇಲ್ಲ. ಅದರ ಬೆನ್ನು ಬರೀ ತಗಡಿನ ಬಣ್ಣ ಇರ್ಬೇಕು, ನಮ್ಮ ಫಿಲ್ಟರ್ ಕಪ್ಪಾಗ್ಬೇಕು, ಅಷ್ಟೇ." ಫಿಲ್ಟರ್ ಎಳೆದು ತೋರಿಸಿದಳು. ಅಕ್ಟೋಬರಿನಲ್ಲಿ ಹಾಲಿನಷ್ಟು ಬಿಳಿ ಇತ್ತು. ಈಗ ನನ್ನ ಹಳೆಯ ಸಲಿಕೆಯ ಬಣ್ಣ. "ಇದೆಲ್ಲಾ ಮಕ್ಕಳ ಎದೆಗೆ ಹೋಗ್ಬೇಕಾಗಿದ್ದು."

ಅದನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತೆ.

ಜನವರಿ 26

ನಾಲ್ಕನೇ ಒಂಬತ್ತಿನ ಕೊನೆಯ ದಿನ. ಮೈನಸ್ 35. ದೊಡ್ಡ ಕೋಣೆ 20. ಚಿಕ್ಕವರದು 21. ಧೂಳು 12.

ದಾಟಿತು.

ಉಯಂಗಾ ಇನ್ನೂ ಕೆಮ್ಮುತ್ತಾಳೆ. ಒಣ ಕೆಮ್ಮು. ಬಿಳಿ ತಿಂಗಳಿಗೆ ಇಪ್ಪತ್ತಮೂರು ದಿನ.

ಫೆಬ್ರವರಿ 3

ಬಾಯ್ಲರ್ ಕಿತ್ತರು. ಒಲೆಬಾಯಿಯ ಕಬ್ಬಿಣದ ಬಾಗಿಲನ್ನು ಮಾತ್ರ ನಾನು ಕೇಳಿ ಇಟ್ಟುಕೊಂಡೆ. ಹಿತ್ತಲಲ್ಲಿ, ಯಂತ್ರದಿಂದ ಇಪ್ಪತ್ತು ಹೆಜ್ಜೆ ದೂರ, ಗಾಳಿ ಆಚೆಗೆ ಬೀಸುವ ಕಡೆ, ಕಲ್ಲು ಗುಡ್ಡೆ ಹಾಕಿ ಅದರ ಮೇಲೆ ನಿಲ್ಲಿಸಿದೆ. ಮೊದಲ ಸೌಟು ಅಲ್ಲಿಗೆ. ಅಜ್ಜಿಯರೂ ಅಲ್ಲಿಗೇ. ಒಬ್ಬಳು ಕೇಳಿದಳು — "ಇಷ್ಟು ದೂರದಿಂದ ಯಂತ್ರಕ್ಕೆ ಸಿಗುತ್ತಾ?" ಸಿಗುತ್ತೆ, ವೈರ್ ಇದೆ ಎಂದೆ.

ಮಾಡಲು ಕೆಲಸ ಕಡಿಮೆ. ಉಯಂಗಾಳ ಕೆಮ್ಮು ಎಣಿಸುತ್ತೇನೆ. ನಿನ್ನೆ ಹನ್ನೊಂದು. ಇವತ್ತು ಆರು.

ಫೆಬ್ರವರಿ 11

ಅಗ್ನಿಪೂಜೆಯ ದಿನ. ಒಲೆಯಿಲ್ಲದ ಮನೆಯಲ್ಲಿ ಮೊದಲನೆಯದು. ಕುರಿಯ ಎದೆಮೂಳೆ, ಕೊಬ್ಬು, ಓಣಿಯ ಪಕ್ಕದ ಗುಡಾರದ ಒಲೆಗೆ ಒಯ್ದು ಕೊಟ್ಟೆ. ಅಲ್ಲಿ ಹೊಗೆ, ಉಯಂಗಾಳನ್ನು ಕರೆದೊಯ್ಯಲಿಲ್ಲ. ಮನೆಯಲ್ಲಿ ಅವಳ ಕೈಯಲ್ಲಿ ಒಂದು ತುಪ್ಪದ ದೀಪ ಹಚ್ಚಿಸಿದೆ. ಪೆಟ್ಟಿಗೆ 13 ಇದ್ದದ್ದು 17 ಆಯಿತು. ಅಷ್ಟು ಪರವಾಗಿಲ್ಲ ಎಂದು ಮಗಳು ಅಪ್ಪಣೆ ಕೊಟ್ಟಳು.

"ಅಜ್ಜ, ಬೆಂಕಿ ದೇವ್ರು ಇಷ್ಟು ಚಿಕ್ಕೋರಾ?"

"ವಯಸ್ಸಾಯ್ತಲ್ಲ, ಕುಗ್ಗಿದ್ದಾರೆ."

"ನಿನ್ನ ಥರ?"

ದೀಪ ಊದಿ ಆರಿಸುವುದು ಬೇಡ, ತಪ್ಪು ಎಂದೆ. ಮೊದಲಾದರೆ ಊದುವ ಉಸಿರೂ ಇರಲಿಲ್ಲ ಅವಳಿಗೆ. ಕೆಮ್ಮು ಇವತ್ತು ಒಂದೇ, ಅದೂ ಸೂಪು ನೆತ್ತಿಗೇರಿ.

ದೀಪ ಆರಿದಾಗ ಮೂಗಿಗೆ ಏನೋ ತಾಗಿದಂತಾಯಿತು. ಸುಟ್ಟ ಬತ್ತಿ? ಭ್ರಮೆ ಇರಬೇಕು.

ಫೆಬ್ರವರಿ 17

ನಾಳೆ ಬೀಗಿತ್ತಿ ಬರುತ್ತಾಳೆ. ಮಗಳು ಹಬ್ಬದ ಬೂಜ್, ಮಾಂಸ ಈರುಳ್ಳಿ ತುಂಬಿದ ಕಡುಬು, ಎಂಟುನೂರು ಮಾಡಿ ಹಿತ್ತಲಲ್ಲಿ ಹೆಪ್ಪುಗಟ್ಟಿಸಿದ್ದಾಳೆ. ಉಯಂಗಾಳ ಬಟ್ಟೆಗಳನ್ನು ಎರಡು ರಾಶಿ ಮಾಡಿದ್ದಾಳೆ. ಒಂದು ಇಲ್ಲಿಗೆ, ಒಂದು ಗೋಬಿಗೆ ಇರಬೇಕು.

ಹತ್ತು ದಿನದಿಂದ ನಾನು ಹೊರಗೆ ಹೋಗಿ ಬಂದರೆ, ಹೊಗೆ ಅಂಟಿರುತ್ತದೆಂದು, ಕೋಟು ಬಾಗಿಲಲ್ಲೇ ಬಿಡುತ್ತೇನೆ.

ಫೆಬ್ರವರಿ 18, ಬಿಳಿ ತಿಂಗಳ ಮೊದಲ ದಿನ. ಮಧ್ಯಾಹ್ನ 3

ಬಂದಳು. ನೀಲಿ ಶಾಲು, ಕಂಕುಳಲ್ಲಿ ಒಂಟೆ ಉಣ್ಣೆಯ ಚಿಕ್ಕ ಡೇಲ್. ಒಳ್ಳೆಯ ಹೊಲಿಗೆ. ಕೈಗೆ ಕೈ ಆನಿಸಿ ವಂದಿಸಿದೆವು. ಚಳಿಗಾಲ ಸುಖವಾಗಿ ಕಳೆಯಿತೆ ಎಂದಳು, ಕಳೆಯಿತು ಎಂದೆವು. ಆಮೇಲೆ ಉಯಂಗಾಳನ್ನು ಮುಂದೆ ಎಳೆದುಕೊಂಡು ನೆತ್ತಿ ಮೂಸಿದಳು.

ಮತ್ತೆ ಮೂಸಿದಳು. ಜಡೆ ಸರಿಸಿ ಕಿವಿಯ ಹಿಂದೆ. ಅಂಗಿಯ ಕತ್ತಿನೊಳಗೆ.

"ಸೊಸೆ, ನಾನು ಬರ್ತೀನಂತ ಸೋಪು ಹಾಕಿ ಉಜ್ಜಿದ್ದೀಯಾ?"

"ಇಲ್ಲ ಅತ್ತೆ. ತಲೆಗೆ ನೀರು ಹಾಕಿ ಆರು ದಿನ ಆಯ್ತು."

"ಹಾಗಿದ್ರೆ ಹೊಗೆ ಎಲ್ಲಿ?"

ಮಗಳು ಜಾಲರಿಯ ಕಡೆ ಕೈ ತೋರಿಸಿ ಯಂತ್ರದ ವಿಷಯ ಹೇಳಿದಳು. ದರಿಮಾ ಮಂಡಿಯೂರಿ ಮೊಮ್ಮಗಳ ಎದೆಗೆ ಕಿವಿ ಇಟ್ಟಳು. ಒಂಟೆಮರಿಯ ಎದೆ ಕೇಳಿ ಬದುಕುತ್ತದೋ ಇಲ್ಲವೋ ಹೇಳುವವಳು ಅವಳು.

"ಅಜ್ಜಿ, ಕಚಗುಳಿ ಆಗ್ತಿದೆ," ಎಂದಳು ಉಯಂಗಾ.

ದರಿಮಾ ಎದ್ದಾಗ ಕಣ್ಣು ಒದ್ದೆ. "ಮಗು ವಾಸ್ನೆ ಬರ್ತಿದೆ ಬೀಗರೇ," ಎಂದಳು. "ಬರೀ ಮಗು ವಾಸ್ನೆ." ಡೇಲ್ ನನ್ನ ಮಗಳ ಕೈಗೆ ಕೊಟ್ಟಳು. "ಇದು ಇಲ್ಲೇ ಇರ್ಲಿ. ಬೇಸಿಗೇಲಿ ಒಂಟೆಮರಿ ನೋಡೋಕೆ ಕಳ್ಸು, ಸಾಕು."

ಮಗಳು ಅಡುಗೆಮನೆಗೆ ಓಡಿದಳು. ಈ ಸಲ ಈರುಳ್ಳಿಯ ನೆಪ ಕೂಡ ಇರಲಿಲ್ಲ.

ನಾನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಬೀಗಿತ್ತಿ ತಂದಿದ್ದ ಒಂಟೆ ಹಾಲಿನ ತಂಬಿಗೆ ಎತ್ತಿಕೊಂಡು ಹೊರಟಿದ್ದಳು. "ಎಲ್ಲಿದೆ ಆ ಯಂತ್ರ? ಅದಕ್ಕೊಂದು..."

"ಅಯ್ಯೋ ಬೀಗಿತ್ತೀ, ನಿಲ್ಲೀ!" ಟೋಪಿ ಇಲ್ಲದೆ ಮೈನಸ್ 24ರಲ್ಲಿ ಓಡಿದೆ. ಹಬ್ಬದ ವಂದನೆಗೆ ಬಂದಿದ್ದ ಪಗ್ಮಾ ಕಿಟಕಿಯಲ್ಲಿ ಎರಡೂ ಕೈ ಬೀಸುತ್ತಿದ್ದಳು. ಎರಡು ಹೆಜ್ಜೆ ಇರುವಾಗ ತಂಬಿಗೆ ಹಿಡಿದೆ.

ಎಲ್ಲರೂ ಉಂಡು ಒರಗಿದ್ದಾರೆ. ಉಯಂಗಾ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾಳೆ. ಪುಸ್ತಕವನ್ನು ಅವಳ ಬೆನ್ನಿಗೆ ಒರಗಿಸಿಕೊಂಡೇ ಬರೆಯುತ್ತಿದ್ದೇನೆ. ಸೀಟಿಯಿಲ್ಲ. ಧೂಳು 11.

ಈಗ ಬಗ್ಗಿ ನಾನೂ ಮೂಸಿದೆ. ಏನೂ ಇಲ್ಲ. ಸತ್ತ ಮೂಗಿಗೆ ಏನು ಆಸೆ...

ಇನ್ನೊಮ್ಮೆ. ಕಣ್ಣು ಮುಚ್ಚಿ, ನಿಧಾನವಾಗಿ.

ಇದೆ. ಏನೋ ಇದೆ. ಬೆಚ್ಚಗೆ, ಸ್ವಲ್ಪ ಬೆವರು, ಕಡುಬಿನ ಈರುಳ್ಳಿ, ಅದರ ಕೆಳಗೆ — ಹಾಲು? ಹಾಲಲ್ಲ. ದುಲ್ಮಾ ಹೇಳುತ್ತಿದ್ದಳು, ಆಲ್ತಂಜುಲ್ ಚಿಕ್ಕವಳಿದ್ದಾಗ, ಇಲ್ಲಿ ಮೂಸಿ ನೋಡು, ಇಲ್ಲಿ, ಇದು ಮಗುವಿನ ವಾಸನೆ ಎಂದು. ಅದೇ.